ಬಾವಿಯ ಮೋಟಾರಿಗೆ ತಲುಪುವ ವಿದ್ಯುತ್ತಿನ ಲೆಕ್ಕ

ಬೇಸಿಗೆಯಲ್ಲಿ ಬೀದರ, ಭಾಲ್ಕಿ ಮತ್ತು ಔರಾದ ಕಡೆಯ ಗ್ರಾಮಗಳಲ್ಲಿ ಸಂಚರಿಸುವಾಗ ಪಂಪಿನ ಮೋಟಾರು ಸುಟ್ಟುಹೋಯಿತೆಂಬ ದೂರು ನಮ್ಮ ಕಿವಿಗೆ ಬೀಳದ ದಿನವೇ ವಿರಳ. ಇದಕ್ಕೆ ಜಮೀನುದಾರರು ಸಾಮಾನ್ಯವಾಗಿ ಎರಡೇ ಕಾರಣಗಳನ್ನು ಹೇಳುವರು: ಕರೆಂಟು ಸರಿಯಿಲ್ಲ, ಇಲ್ಲವೆ ಮೋಟಾರು ಖೋಟಾ ಮಾಲು. ಇವು ಕೆಲವು ಸಲ ನಿಜವೇ. ಆದರೆ ಸ್ಟಾರ್ಟರ್ ಪೆಟ್ಟಿಗೆಗೂ ಬಾವಿಗೂ ನಡುವೆ ತಾವೇ ಹಾಕಿಸಿದ ತಂತಿಯ ಮೇಲೆ ಯಾರಿಗೂ ಸಂಶಯ ಹುಟ್ಟುವುದಿಲ್ಲ. ಆದಕಾರಣ ಆ ತಂತಿಯನ್ನು ಪರೀಕ್ಷಿಸುವ ಲೆಕ್ಕವನ್ನು ವಾಚಕರ ಅವಗಾಹನೆಗೆ ತರುತ್ತೇವೆ. ಗುಣಾಕಾರ, ಭಾಗಾಕಾರಗಳನ್ನು ಬಲ್ಲವರಿಗೆ ಇದು ಸಾಕಷ್ಟು ಸುಲಭವಾದುದು.

ಕಾಲುವೆಯ ನೀರನ್ನು ಸ್ಮರಿಸಿಕೊಳ್ಳಿರಿ. ನೀರನ್ನು ಮುಂದಕ್ಕೆ ದೂಡುವ ಎತ್ತರದಂತೆ ವೋಲ್ಟು. ಹರಿಯುವ ನೀರಿನ ಮೊತ್ತದಂತೆ ಆಂಪಿಯರು. ಕಾಲುವೆಯ ಇಕ್ಕಟ್ಟು ಹಾಗೂ ಹೂಳಿನಂತೆ ನಿರೋಧ. ಈ ಮೂರರ ಸಂಬಂಧವನ್ನು ಜರ್ಮನಿಯ ಜಾರ್ಜ್ ಸೈಮನ್ ಓಮ್ ಎಂಬ ಪಂಡಿತರು 1827ರಲ್ಲಿ ಪ್ರಕಟಿಸಿದರು. ನಿರೋಧದ ಮಾನಕ್ಕೆ ಅವರ ಹೆಸರೇ ನಿಂತಿದೆ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಬರುವುದು ಓಮ್. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಬರುವುದು ಶಕ್ತಿ, ಅಂದರೆ ವ್ಯಾಟ್. 746 ವ್ಯಾಟಿಗೆ ಒಂದು ಅಶ್ವಶಕ್ತಿ.

ಭಾಲ್ಕಿ ತಾಲೂಕಿನಲ್ಲಿ ನಾವು ಕಂಡ ಒಂದು ಸಂಗತಿಯನ್ನು ನಿವೇದಿಸುತ್ತೇವೆ. ಒಬ್ಬ ಜಮೀನುದಾರರ ಕಬ್ಬಿನ ಹೊಲದ ಬಾವಿಗೆ ಸಿಂಗಲ್ ಫೇಸಿನ 2 ಅಶ್ವಶಕ್ತಿಯ ಮೋಟಾರಿತ್ತು. ಒಂದೇ ವರ್ಷದಲ್ಲಿ ಅದನ್ನು ಎರಡು ಬಾರಿ ರಿವೈಂಡಿಂಗ್ ಮಾಡಿಸಿ ಬೇಸತ್ತು, 3 ಅಶ್ವಶಕ್ತಿಯ ಹೊಸದನ್ನು ಕೊಳ್ಳಲು ಅವರು ಹಣ ಕೂಡಿಸಿದ್ದರು. ಪರವಾನಗಿಯುಳ್ಳ ವೈರ್‌ಮನ್ನನಿಂದ ಅಳೆಸಲಾಗಿ, ಮೋಟಾರು ಓಡುತ್ತಿರುವಾಗ ಪೆಟ್ಟಿಗೆಯಲ್ಲಿ 230 ವೋಲ್ಟು, ಬಾವಿಯ ಬಳಿ 202 ವೋಲ್ಟು, ಪ್ರವಾಹ 10 ಆಂಪಿಯರು. ದಾರಿಯಲ್ಲಿ ನಷ್ಟವಾದುದು 28 ವೋಲ್ಟು. 28ನ್ನು 10ರಿಂದ ಭಾಗಿಸಿದರೆ ತಂತಿಯ ನಿರೋಧವು ಸ್ಥೂಲವಾಗಿ 2.8 ಓಮ್.

ಈ ನಿರೋಧ ಎಷ್ಟಿರಬೇಕಾಗಿತ್ತು? ಹಾಕಿದ್ದುದು 6 ಚದರ ಮಿಲಿಮೀಟರಿನ ತಾಮ್ರದ ತಂತಿ. ಒಂದು ಕಿಲೋಮೀಟರಿಗೆ ಅದರ ನಿರೋಧ ಸುಮಾರು 3 ಓಮ್. ಬಾವಿಯ ದೂರ 200 ಮೀಟರು, ಹೋಗುವ ತಂತಿ ಬರುವ ತಂತಿ ಸೇರಿ 400 ಮೀಟರು, ಆದ್ದರಿಂದ 1.2 ಓಮ್ ಇದ್ದರೆ ಸರಿ. ಉಳಿದ 1.6 ಓಮ್ ಎಲ್ಲಿಂದ ಬಂತು? ಕರೆಂಟು ತೆಗೆಸಿ ತಂತಿಯ ಜಾಡು ಹಿಡಿದು ನಡೆದಾಗ, ಜಾಲಿಯ ಮರದ ಕೆಳಗೆ ಹಿಂದೊಮ್ಮೆ ನೇಗಿಲಿಗೆ ಸಿಕ್ಕು ತುಂಡಾದ ತಂತಿಯನ್ನು ಬರಿಗೈಯಿಂದ ಹೊಸೆದು ಟೇಪು ಸುತ್ತಿದ್ದ ಗಂಟು ದೊರೆಯಿತು. ಟೇಪು ಕರಕಾಗಿತ್ತು.

ಅದು ಕರಕಾಗದೆ ಇರಲು ಸಾಧ್ಯವಿರಲಿಲ್ಲ. ತಂತಿಯಲ್ಲಿ ಹುಟ್ಟುವ ಶಾಖವನ್ನು ತಿಳಿಯಲು ಆಂಪಿಯರನ್ನು ಆಂಪಿಯರಿನಿಂದಲೇ ಗುಣಿಸಿ, ಬಂದುದನ್ನು ಓಮಿನಿಂದ ಗುಣಿಸತಕ್ಕದ್ದು. 10 × 10 × 1.6 = 160 ವ್ಯಾಟ್ ಆ ಹಿಡಿಯಷ್ಟು ಜಾಗದಲ್ಲಿ! 15 ಆಂಪಿಯರು ಎಳೆಯುವ ದೊಡ್ಡ ಮೋಟಾರನ್ನು ಅದಕ್ಕೇ ಜೋಡಿಸಿದ್ದರೆ ಗಂಟಿನ ಶಾಖವು 360 ವ್ಯಾಟಿಗೆ ಏರಿ, ಬಾವಿಗೆ 188 ವೋಲ್ಟು ಮಾತ್ರ ಮುಟ್ಟುತ್ತಿತ್ತು. ವೋಲ್ಟು ಇಳಿದಂತೆಲ್ಲ ಮೋಟಾರು ತನ್ನ ಕೆಲಸ ಪೂರೈಸಲು ಹೆಚ್ಚು ಆಂಪಿಯರು ಎಳೆಯುತ್ತದೆ. ಅದರ ಸುರುಳಿ ಕಾಯುವುದು ಇದರಿಂದಲೇ. ಗಂಟನ್ನು ಕ್ರಿಂಪು ಮಾಡಿಸಿ ಭದ್ರಪಡಿಸಿದ ಮೇಲೆ ಬಾವಿಯಲ್ಲಿ 218 ವೋಲ್ಟು ಬಂತು. ಹೊಸ ಮೋಟಾರಿನ ಹಣವು ಗೊಬ್ಬರಕ್ಕೆ ಆಯಿತು.

ಇಲ್ಲಿ ಒಂದು ಎಚ್ಚರಿಕೆ. ಓಡುವ ಮೋಟಾರಿನ ವೋಲ್ಟನ್ನು ಆಂಪಿಯರಿನಿಂದ ಭಾಗಿಸಿ ಅದನ್ನೇ ಸುರುಳಿಯ ನಿರೋಧವೆಂದು ತಿಳಿಯಬಾರದು. ಪರ್ಯಾಯ ಪ್ರವಾಹಕ್ಕೆ ಮೋಟಾರು ಬೇರೆ ವಿಧದ ತಡೆಯನ್ನೂ ಒಡ್ಡುತ್ತದೆ. ಶಕ್ತಿಯ ಲೆಕ್ಕದಲ್ಲಿಯೂ ಬಲ್ಬಿಗೆ ಬರಿಯ ಗುಣಾಕಾರ ಸಾಕು, ಮೋಟಾರಿಗೆ ಪವರ್ ಫ್ಯಾಕ್ಟರಿನಿಂದಲೂ ಗುಣಿಸಬೇಕು. ತ್ರೀ ಫೇಸಿಗಾದರೆ ಇನ್ನು 1.732ರಿಂದ: 415 ವೋಲ್ಟು, 7.5 ಆಂಪಿಯರು, ಪವರ್ ಫ್ಯಾಕ್ಟರು 0.85 ಇದ್ದಲ್ಲಿ ಸುಮಾರು 4,580 ವ್ಯಾಟ್. 5 ಅಶ್ವಶಕ್ತಿಯ ಮೋಟಾರಿಗೆ ಇದು ಯೋಗ್ಯವಾದ ಅಂಕೆ.

ಕರ್ನಾಟಕ ಸರಕಾರವು 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ತನ್ನು ಉಚಿತವಾಗಿ ಕೊಡುತ್ತಿರುವುದರಿಂದ ತಂತಿಯ ನಷ್ಟವನ್ನು ಯಾರೂ ಎಣಿಸುವುದಿಲ್ಲ. ರಿವೈಂಡಿಂಗಿನ ಕೂಲಿಯಾದರೋ ಉಚಿತವಲ್ಲ.

ಇನ್ನು ಅರ್ಥಿಂಗಿನ ವಿಷಯ. ಇದು ಹಣದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. ಬೀದರ ನಗರದ ಸುತ್ತಲಿನ ಕೆಂಪು ಜಂಬಿಟ್ಟಿಗೆಯ ನೆಲವು ಬೇಸಿಗೆಯಲ್ಲಿ ಒಣಗಿದಾಗ, ಔರಾದ ಕಡೆಯ ತೇವವುಳ್ಳ ಎರೆಭೂಮಿಯಷ್ಟು ಸುಲಭವಾಗಿ ವಿದ್ಯುತ್ತನ್ನು ಹೀರಿಕೊಳ್ಳುವುದಿಲ್ಲ. ಅರ್ಥಿಂಗಿನ ನಿರೋಧವು 20 ಓಮ್ ಇದೆಯೆಂದು ಭಾವಿಸಿರಿ. ತಂತಿಯು ಪಂಪಿನ ಮೈಗೆ ತಗಲಿದರೆ ನೆಲಕ್ಕೆ ಹರಿಯುವುದು 230 ÷ 20 = 11.5 ಆಂಪಿಯರು. 16 ಆಂಪಿಯರಿನ ಫ್ಯೂಸು ಅದಕ್ಕೆ ಕರಗುವುದಿಲ್ಲ. ಫ್ಯೂಸು ಹೋಗಿಲ್ಲವೆಂದು ನಂಬಿ ಒದ್ದೆಗಾಲಿನಲ್ಲಿ ಪೈಪನ್ನು ಮುಟ್ಟಿದ ಆಳಿನ ಗತಿ ಏನು?

ಆದಕಾರಣ ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ತುಂಬಿಸಿ, ಫಾಲ್ಗುಣದಿಂದ ಮಳೆ ಹಿಡಿಯುವವರೆಗೆ ನೀರೆರೆಸತಕ್ಕದ್ದು. ಜೊತೆಗೆ 30 ಮಿಲಿ ಆಂಪಿಯರಿನ ಸೋರಿಕೆಗೇ ಕಡಿದುಬಿಡುವ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚನ್ನು ಪೆಟ್ಟಿಗೆಯಲ್ಲಿ ಕೂಡಿಸಿ, ಅದರ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡತಕ್ಕದ್ದು. ಒತ್ತಿದಾಗ ಮೋಟಾರು ನಿಲ್ಲದಿದ್ದರೆ ಆ ದಿನ ನೀರು ಕಟ್ಟುವುದನ್ನು ಬಿಟ್ಟು ಮೊದಲು ವೈರ್‌ಮನ್ನನನ್ನು ಕರೆಸಿರಿ.