ಹೊಸ ಬಣ್ಣದ ಹಳೇ ಮನೆ ಕೊಳ್ಳುವ ಮುನ್ನ

ಪುಟ್ಟಿ,

ಬಸವನಗುಡಿಯ ಆ ಮನೆಯ ಫೋಟೊಗಳನ್ನೆಲ್ಲ ನೋಡಿದೆ. ಮನೆ ಲಕ್ಷಣವಾಗಿದೆ. ಮುಂದಿನ ಕಿಟಕಿಗಳ ಮೇಲಿನ ಚೂಪು ತಲೆಯ ಮಂಕಿ ಟಾಪ್ ಹಾಗೇ ಇದೆ, ಒಳಗೆ ಇಟಾಲಿಯನ್ ಮಾರ್ಬಲ್ಲು, ಲಿಫ್ಟು, ಮಾಡ್ಯುಲರ್ ಅಡುಗೆಮನೆ. ಒಡೆದು ಅಪಾರ್ಟ್‌ಮೆಂಟ್ ಎಬ್ಬಿಸದೆ ಉಳಿಸಿಕೊಂಡವರಿಗೆ ನನ್ನದೊಂದು ನಮಸ್ಕಾರ. ಆದರೆ ಸಾಲ ತೀರಿಸುವವರು ನೀವಿಬ್ಬರು. ಮನೆ ರಿಪೇರಿ ಅಂದರೆ ಹೊಸದನ್ನು ತೋರಿಸುವುದರ ಜೊತೆಗೆ ಹಳೆಯದನ್ನು ಮುಚ್ಚುವ ಕೆಲಸವೂ ಹೌದು. ಮಾರ್ಬಲ್ ಎಲ್ಲಿಯದು ಅಂತ ಆಮೇಲೆ ಕೇಳುವೆಯಂತೆ, ಯಾವುದರ ಮೇಲೆ ಹಾಸಿದ್ದಾರೆ ಅಂತ ಮೊದಲು ಕೇಳು.

ಗೋಡೆಯಿಂದ ಶುರುಮಾಡು. ಇಂಥ ಹಳೇ ಕಾಲದ ಮನೆಗಳು ಹೆಚ್ಚಾಗಿ ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ಸುಣ್ಣ ತೇವ ಹೀರುತ್ತೆ, ಬಿಸಿಲು ಬಂದಾಗ ಬಿಟ್ಟುಬಿಡುತ್ತೆ. ಅದರ ಮೇಲೆ ಸಿಮೆಂಟ್ ಮೆತ್ತಿ ಪ್ಲಾಸ್ಟಿಕ್ ಪೇಂಟ್ ಬಳಿದರೆ ನೀರು ಹೊರಬರಲಾರದೆ ಒಳಗೇ ನಿಲ್ಲುತ್ತೆ. ಆಮೇಲೆ ಬಣ್ಣ ಗುಳ್ಳೆ ಏಳುತ್ತೆ, ಉಪ್ಪು ಉದುರುತ್ತೆ. ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ ನೋಡು, ಟೊಳ್ಳು ಸದ್ದು ಬಂದರೆ ಗಾರೆ ಗೋಡೆಯನ್ನು ಬಿಟ್ಟಿದೆ ಅಂತ ತಿಳಿ. ಆದಷ್ಟೂ ಮಳೆ ಸುರಿದ ಮಾರನೇ ದಿನವೇ ಹೋಗು.

ತಲೆಯ ಮೇಲೆ ಮದ್ರಾಸ್ ತಾರಸಿ ಇದ್ದರೂ ಇರಬಹುದು. ಮರದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಜೋಡಿಸಿ, ಅದರ ಮೇಲೆ ಸುಣ್ಣದ ಕಾಂಕ್ರೀಟ್ ಬಡಿದ ಸೂರು ಅದು. ತೊಲೆ ಹೆಚ್ಚಾಗಿ ಕೆಡುವುದು ಗೋಡೆಯೊಳಗೆ ಹೊಕ್ಕ ತುದಿಯಲ್ಲಿ. ಫಾಲ್ಸ್ ಸೀಲಿಂಗ್ ಮರೆಮಾಡುವುದೂ ಅದನ್ನೇ. ಒಂದು ಮೂಲೆಯನ್ನಾದರೂ ಬಿಚ್ಚಿ ತೋರಿಸಿ ಅನ್ನು, ಸಂಕೋಚ ಬೇಡ. ಮೇಲೆ ಹೊಸ ಮಹಡಿ ಎದ್ದಿದ್ದರೆ ಅದರ ಭಾರ ಎಲ್ಲಿ ಇಳಿಯುತ್ತೆ ಅಂತ ಸ್ಟ್ರಕ್ಚರಲ್ ಎಂಜಿನಿಯರ್ ನೋಡಲಿ. ಬ್ರೋಕರ್ ಕರೆತಂದವರಾಗದೆ, ನೀವೇ ಫೀಸು ಕೊಟ್ಟವರಾಗಿರಲಿ. ಆ ಮಹಡಿಗೆ ಮಂಜೂರಾದ ನಕ್ಷೆ ಇದೆಯಾ ಅಂತಲೂ ಕೇಳು.

ಹಿತ್ತಲಿಗೆ ಹೋಗು. ಮೊದಲು ಬಾವಿ ಇತ್ತಾ, ಇದ್ದರೆ ಹೇಗೆ ಮುಚ್ಚಿದರು, ಅದರ ಮೇಲೆ ಈಗ ಕಾರು ನಿಲ್ಲುತ್ತಾ ಅಂತ ವಿಚಾರಿಸು. ಹಿತ್ತಲಿನ ಎಲ್ಲೆಯನ್ನೂ ನೋಡು. 1898ರ ಪ್ಲೇಗಿನ ಕಾಲದಲ್ಲಿ ಪೇಟೆಯ ಇಕ್ಕಟ್ಟಿನಿಂದ ಜನ ಹೊರಬರಲೆಂದು ಬೆಳೆಸಿದ ಬಡಾವಣೆಗಳು ಬಸವನಗುಡಿ, ಮಲ್ಲೇಶ್ವರ. ನೈರ್ಮಲ್ಯಕ್ಕೆಂದು ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಓಣಿ ಬಿಟ್ಟಿದ್ದರು. ಅದು ಸಾರ್ವಜನಿಕ ಜಾಗ. ಕೆಲವು ಕಡೆ ಯಾರದೋ ಹಿತ್ತಲಿಗೆ ಸೇರಿಹೋಗಿದೆ. ಹಳೇ ಕ್ರಯಪತ್ರದ ಚಕ್ಕುಬಂದಿ ಕೈಯಲ್ಲಿ ಹಿಡಿದು ಟೇಪಿನಲ್ಲಿ ಅಳೆಸು. ಪತ್ರದಲ್ಲಿ ಇಲ್ಲದ ಅಡಿಗೆ ದುಡ್ಡು ಕೊಡಬೇಡ.

ಎಲ್ಲಕ್ಕಿಂತ ಆಳವಾಗಿ ಮುಚ್ಚಿಹೋಗುವುದು ಸಂಸಾರದ ಲೆಕ್ಕ. ಮಾರುತ್ತಿರುವವರು ಅಣ್ಣತಮ್ಮಂದಿರು ಅಂದೆ. ಅಕ್ಕತಂಗಿಯರು ಎಷ್ಟು ಜನ? ಮನೆ ಅವರ ತಾತನ ಸ್ವಯಾರ್ಜಿತವಾಗಿದ್ದು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಮೇಲೆ ತಾತ ಉಯಿಲಿಲ್ಲದೆ ತೀರಿಕೊಂಡಿದ್ದರೆ ಅವರ ಹೆಣ್ಣುಮಕ್ಕಳಿಗೂ ಸಮಪಾಲು. ಪಿತ್ರಾರ್ಜಿತವಾದರೆ 2005ರ ತಿದ್ದುಪಡಿ ಮಗಳನ್ನು ಮಗನ ಸಮಕ್ಕೆ ನಿಲ್ಲಿಸಿದೆ. ಆ ಹಕ್ಕು ಹುಟ್ಟಿನಿಂದಲೇ ಬರುತ್ತೆ, 2005ರಲ್ಲಿ ತಂದೆ ಬದುಕಿರಬೇಕೆಂದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ವಿಭಾಗಪತ್ರವಿದ್ದರೆ ಮಾತು ಬೇರೆ. “ಅವರದೇನೂ ತಕರಾರಿಲ್ಲ” ಅನ್ನುವ ಬಾಯಿಮಾತು ಸಾಲದು, ಹಕ್ಕಿರುವವರೆಲ್ಲರ ಸಹಿ ಕ್ರಯಪತ್ರದಲ್ಲೇ ಬೀಳಲಿ. ವಂಶವೃಕ್ಷ, ಮೂಲಪತ್ರ, ಇ-ಖಾತಾ, ಹಿಂದಿನ ವರ್ಷಗಳ ಋಣಭಾರ ಪ್ರಮಾಣಪತ್ರ (ಇಸಿ) ಎಲ್ಲವನ್ನೂ ನಿಮ್ಮ ವಕೀಲರು ಓದಲಿ. ಬ್ಯಾಂಕ್ ಸಾಲ ಮಂಜೂರು ಮಾಡಿತು ಅಂದಮಾತ್ರಕ್ಕೆ ಪತ್ರ ಶುದ್ಧ ಅಂತಲ್ಲ.

ಅಳಿಯಂದಿರಿಗೆ ಲೆಕ್ಕದ ಎರಡು ಮಾತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 2 ಆಗಿದೆ. ಮುದ್ರಾಂಕ, ಸೆಸ್ಸು ಎಲ್ಲ ಕೂಡಿದರೆ ಶೇ. 7.6ರ ಹತ್ತಿರ, ಅದನ್ನು ಮೊದಲೇ ತೆಗೆದಿಡಲಿ. ಮಾರುವವರಲ್ಲಿ ಒಬ್ಬರು ಅಮೆರಿಕದಲ್ಲಿ ನೆಲೆಸಿದ್ದರೆ ಅವರ ಪಾಲಿಗೆ ಮಾಮೂಲಿ ಶೇ. 1ರ ಟಿಡಿಎಸ್ ಸಾಲದು. ಅನಿವಾಸಿಗಳಿಗೆ ಹೆಚ್ಚಿನ ದರವಿದೆ, ಕಡಿತ ಮಾಡದಿದ್ದರೆ ಆದಾಯ ತೆರಿಗೆ ಇಲಾಖೆ ಹಿಡಿಯುವುದು ಕೊಂಡವರನ್ನು.

ಮನೆಯ ಜೊತೆಗೆ ಬೀದಿಯನ್ನೂ ಕೊಳ್ಳುತ್ತೀರಿ, ಅದು ನೆನಪಿರಲಿ. ಕಡಲೆಕಾಯಿ ಪರಿಷೆಯ ಜನ, ಹಬ್ಬದ ಹಿಂದಿನ ದಿನದ ಗಾಂಧಿ ಬಜಾರು ನಿಮಗೆ ಸೊಗಸೋ ಕಿರಿಕಿರಿಯೋ, ಈಗಲೇ ಇಬ್ಬರೂ ಮಾತಾಡಿಕೊಳ್ಳಿ.

ಎಲ್ಲ ಸರಿಯಿದ್ದರೆ ಎರಡು ಕಾಸಿಗೆ ಚೌಕಾಸಿ ಮಾಡಿ ಕೆಡಿಸಿಕೊಳ್ಳಬೇಡ, ಕೊಂಡುಬಿಡು. ಕೇಳಿದ್ದಕ್ಕೆ ಉತ್ತರ ಬರದೆ “ಇನ್ನೊಂದು ಪಾರ್ಟಿ ರೆಡಿ ಇದೆ, ಇವತ್ತೇ ಅಡ್ವಾನ್ಸ್ ಕೊಡಿ” ಅಂದರೆ ಆ ಪಾರ್ಟಿಗೇ ಮಾರಲಿ, ನೀನು ಎದ್ದು ಬಾ. ಬಸವನಗುಡಿಯಲ್ಲಿ ಇನ್ನೊಂದು ಮನೆ ಮಾರಾಟಕ್ಕೆ ಬಂದೇ ಬರುತ್ತೆ.

ಇಂತಿ ಆಶೀರ್ವಾದಗಳು,
ನಿನ್ನ ದೊಡ್ಡಪ್ಪ