ಗಟ್ಟಿಗಿತ್ತಿ ಆಸ್ಪತ್ರೆ ಸೇರಿದಾಗ

ಪಿತ್ತಕೋಶದ ಕಲ್ಲು, ಗರ್ಭಕೋಶದ ಗಡ್ಡೆ, ಹರ್ನಿಯಾ. ನೈರೋಬಿಯ ನಮ್ಮ ಮನೆಗಳ ಹೆಣ್ಣುಮಕ್ಕಳನ್ನು ಆಪರೇಷನ್ ಟೇಬಲ್ಲಿಗೆ ಒಯ್ಯುವುದು ಸಾಮಾನ್ಯವಾಗಿ ಇಂಥವೇ. ಚಿಕಿತ್ಸೆ ಕಷ್ಟದ್ದಲ್ಲ. ಆದರೆ ಮನೆಯನ್ನು ನಡೆಸುತ್ತಿದ್ದವಳೇ ಮಲಗಿದಾಗ, ಅವಳು ಯಾರ ಮಾತಿಗೂ ಸುಲಭಕ್ಕೆ ಬಗ್ಗದ ಗಟ್ಟಿಗಿತ್ತಿಯೂ ಆದರೆ, ಗಂಡನಿಗೆ ಎರಡು ವಾರ್ಡಿನ ಡ್ಯೂಟಿ: ಪಾರ್ಕ್‌ಲ್ಯಾಂಡ್ಸ್‌ನ ಆಸ್ಪತ್ರೆಯಲ್ಲಿ ಅವಳದ್ದು, ಮನೆಯಲ್ಲಿ ಮಕ್ಕಳದ್ದು. ಜೋರು ಸ್ವಭಾವದ ಗಂಡ ಮಲಗಿದರೂ ಇದೇ ಕಥೆ, ಪಾತ್ರಗಳಷ್ಟೇ ಅದಲುಬದಲು.

‘ಡಾಕ್ಟ್ರೇ, ಇವಳಿಗೆ ಸ್ವಲ್ಪ ಬುದ್ಧಿ ಹೇಳಿ’ ಎಂದು ಗಂಡಂದಿರು ನನ್ನನ್ನು ಕಾರಿಡಾರಿಗೆ ಕರೆದು ಪಿಸುಗುಟ್ಟುವುದುಂಟು. ನಾನು ಹೇಳುವುದಿಲ್ಲ. ಆಸ್ಪತ್ರೆಗೆ ಹೋದವರ ಕೈಯಿಂದ ಮೊದಲು ಜಾರುವುದು ಅಧಿಕಾರ. ಏನು ಉಡಬೇಕು, ಯಾವಾಗ ಉಣ್ಣಬೇಕು, ಯಾರು ಮುಟ್ಟಬಹುದು ಎಂಬುದೆಲ್ಲ ಬೇರೆಯವರ ಪಾಲಾಗುತ್ತದೆ. ಜಗಳವಾಡುವವರು ಹೆಚ್ಚಾಗಿ ಹೆದರಿದವರು. ಆ ಜೋರನ್ನು ಅಡಗಿಸಲು ಹೋಗದೆ ಅದಕ್ಕೊಂದು ಕೆಲಸ ಕೊಡಿ. ಸರ್ಜನ್‌ಗೆ ಕೇಳಬೇಕಾದ ಪ್ರಶ್ನೆಗಳನ್ನು ಅವಳೇ ಬರೆಯಲಿ. ಒಪ್ಪಿಗೆ ಪತ್ರವನ್ನು ಓದಿ ಅವಳೇ ಸಹಿ ಹಾಕಲಿ. ಅವಳ ಪರವಾಗಿ ನೀವು ತಲೆಯಾಡಿಸಬೇಡಿ. ಮಕ್ಕಳ ಟಿಫಿನ್‌ಗೆ ಏನು ಹಾಕಬೇಕೆಂದು ಅವಳು ಹಾಸಿಗೆಯಿಂದಲೇ ಆಜ್ಞೆ ಹೊರಡಿಸಿದರೆ ಹೊರಡಿಸಲಿ. ಜುಲೈ ಚಳಿಯಲ್ಲಿ ದೋಸೆ ಹಿಟ್ಟು ಹುಳಿ ಬರಲಿಲ್ಲವೆಂದು ಅವಳಿಗೆ ಫೋನ್ ಮಾಡಿ ಬೈಸಿಕೊಳ್ಳಿ, ಇಬ್ಬರಿಗೂ ಒಳ್ಳೆಯದು.

ರಾಜಿಯಿಲ್ಲದ ಜಾಗಗಳೂ ಇವೆ. ಆಪರೇಷನ್‌ಗೆ ಮುಂಚಿನ ಉಪವಾಸ ಅವುಗಳಲ್ಲಿ ಮೊದಲನೆಯದು. ಸಾಮಾನ್ಯವಾಗಿ ಗಟ್ಟಿ ಆಹಾರ 6 ಗಂಟೆ ಮೊದಲೇ ನಿಲ್ಲಬೇಕು, ಬರೀ ನೀರು 2 ಗಂಟೆ ಮೊದಲಿನವರೆಗೆ ನಡೆಯುತ್ತದೆ. ಹಾಲು ಹಾಕಿ ಕುದಿಸಿದ ಕೀನ್ಯಾದ ಚಹಾ ನೀರಿನ ಲೆಕ್ಕಕ್ಕೆ ಬರುವುದಿಲ್ಲ, ಊಟದ ಲೆಕ್ಕಕ್ಕೆ ಬರುತ್ತದೆ. ‘ಅರ್ಧ ಕಪ್ ಕುಡಿದರೆ ಏನಾಗುತ್ತೆ’ ಅನ್ನುವವರಿಗೆ ಉತ್ತರ: ಅರಿವಳಿಕೆಯಲ್ಲಿ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ನಿಮ್ಮ ಅನಸ್ತೇಶಿಯಾ ವೈದ್ಯರು ಬೇರೆ ಹೊತ್ತು ಹೇಳಿದ್ದರೆ ಅದನ್ನೇ ಪಾಲಿಸಿ. ಇನ್ನೊಂದು, ಮಾತ್ರೆಗಳು. ‘ನಾನೇನೂ ತಗೊಳ್ಳಲ್ಲ’ ಎಂದು ಖಡಾಖಂಡಿತವಾಗಿ ಹೇಳುವವರ ಪರ್ಸಿನಲ್ಲೇ ಆಸ್ಪಿರಿನ್, ಅಶ್ವಗಂಧ, ತೂಕ ಇಳಿಸುವ ಇಂಜೆಕ್ಷನ್ನಿನ ಚೀಟಿ ಸಿಗುತ್ತವೆ. ಮನೆಯ ಔಷಧದ ಡಬ್ಬಿಯನ್ನು ಹಾಗೇ ಎತ್ತಿಕೊಂಡು ಹೋಗಿ ವೈದ್ಯರ ಮುಂದೆ ಸುರಿಯಿರಿ. ಹಾಗೆಯೇ ಆಪರೇಷನ್ ಆದ ಮೇಲೆ ಮೊದಲ ಸಲ ಏಳುವಾಗ ಪಕ್ಕದಲ್ಲಿ ಸಿಸ್ಟರ್ ಇರಲೇಬೇಕು. ಬೇಗ ಎದ್ದು ಓಡಾಡುವುದು ಒಳ್ಳೆಯದೇ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆಯಾಗುತ್ತದೆ. ಆದರೆ ಬಾತ್‌ರೂಮಿಗೆ ಒಬ್ಬಳೇ ಹೋಗುತ್ತೇನೆಂಬ ಹಟ ತಲೆ ಸುತ್ತಿ ಬೀಳುವುದರಲ್ಲಿ ಮುಗಿಯಬಹುದು.

ಕೆಲವು ಸಂಗತಿಗಳು ಮೊದಲೇ ತಿಳಿದಿದ್ದರೆ ಅರ್ಧ ಗಲಾಟೆ ಕಡಿಮೆ. ಲ್ಯಾಪರೋಸ್ಕೋಪಿಯಲ್ಲಿ ಹೊಟ್ಟೆ ಉಬ್ಬಿಸಲು ಇಂಗಾಲದ ಡೈಆಕ್ಸೈಡ್ ಅನಿಲ ತುಂಬುತ್ತಾರೆ. ಅದು ವಪೆಯನ್ನು ಕೆರಳಿಸುವುದರಿಂದ ಮರುದಿನ ಭುಜ ನೋಯಬಹುದು. ‘ಕೊಯ್ದಿದ್ದು ಹೊಟ್ಟೆ, ಭುಜ ಯಾಕೆ ನೋಯ್ತಿದೆ, ಏನು ಮಾಡಿದ್ರಿ?’ ಎಂದು ಅವಳು ಡ್ಯೂಟಿ ಡಾಕ್ಟರನ್ನು ತರಾಟೆಗೆ ತೆಗೆದುಕೊಳ್ಳುವ ಮೊದಲೇ ನೀವು ಹೇಳಿಬಿಡಬಹುದು. ಎದೆನೋವು, ಉಸಿರುಗಟ್ಟುವಿಕೆ ಜೊತೆಗಿದ್ದರೆ ಮಾತ್ರ ತಡಮಾಡದೆ ಕರೆಯಿರಿ. ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,795 ಮೀಟರ್ ಎತ್ತರದಲ್ಲಿದೆ, ಬೆಂಗಳೂರಿನ ಹೆಚ್ಚುಕಡಿಮೆ ಎರಡರಷ್ಟು. ಆಕ್ಸಿಜನ್ ಮಾನಿಟರ್ ಇಲ್ಲಿ ಆರೋಗ್ಯವಂತರಿಗೂ ಒಂದೆರಡು ಅಂಕ ಕಡಿಮೆ ತೋರಿಸುವುದುಂಟು. ಅದರ ಫೋಟೊ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಬೇಡಿ.

ನೀವು ನಿಜವಾಗಿ ಕಣ್ಣಿಡಬೇಕಾದದ್ದು ಅವಳ ಜೋರು ಇದ್ದಕ್ಕಿದ್ದಂತೆ ಇಳಿದದ್ದರ ಮೇಲೆ. ನಿನ್ನೆಯವರೆಗೆ ಚಹಾ ಆರಿದೆ, ದಿಂಬು ಗಟ್ಟಿಯಾಗಿದೆ ಎನ್ನುತ್ತಿದ್ದವಳು ಇವತ್ತು ಏನಿಟ್ಟರೂ ಸುಮ್ಮನಿದ್ದರೆ, ಮಾತು ತಡವರಿಸಿದರೆ, ಮಕ್ಕಳ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದಿದ್ದರೆ, ‘ಅಬ್ಬಾ, ಶಾಂತಳಾದಳು’ ಎಂದು ನಿಟ್ಟುಸಿರು ಬಿಡಬೇಡಿ. ನೋವಿನ ಔಷಧ ಹೆಚ್ಚಾಗಿರಬಹುದು, ಸೋಂಕು ಶುರುವಾಗಿರಬಹುದು, ಒಳಗೆ ರಕ್ತ ಸೋರುತ್ತಿರಬಹುದು. ಸಿಸ್ಟರ್ ಅವಳನ್ನು ನೋಡಿದ್ದೇ ನಿನ್ನೆ. ಅವಳ ಎಂದಿನ ಸ್ವಭಾವ ಗೊತ್ತಿರುವುದು ಆ ಕೋಣೆಯಲ್ಲಿ ನಿಮಗೊಬ್ಬರಿಗೇ. ‘ಇವಳು ಹೀಗೆ ಇರುವವಳಲ್ಲ’ ಎಂದು ಸ್ಪಷ್ಟವಾಗಿ ಹೇಳಿ, ನಾಡಿ, ಜ್ವರ, ರಕ್ತದೊತ್ತಡ ಮತ್ತೆ ನೋಡಲು ಕೇಳಿ. ಅದಕ್ಕೆ ಯಾರೂ ಬೇಸರಿಸುವುದಿಲ್ಲ, ಬೇಸರಿಸಿದರೂ ಕೇಳಿ.

ಈಗ ಮಕ್ಕಳ ವಿಷಯ. ‘ಅಮ್ಮ ಮೀಟಿಂಗಿಗೆ ಮೊಂಬಾಸಾಗೆ ಹೋಗಿದ್ದಾಳೆ’ ಎನ್ನುವ ಸುಳ್ಳು ಈ ಊರಿನಲ್ಲಿ ಒಂದು ದಿನವೂ ಬಾಳುವುದಿಲ್ಲ. ಅಪಾರ್ಟ್‌ಮೆಂಟಿನ ಗೇಟು ಕಾಯುವ ಅಸ್ಕಾರಿಯಿಂದ ಶಾಲಾ ಬಸ್ಸಿನ ಆಂಟಿಯವರೆಗೆ ಎಲ್ಲರೂ ಮಗುವಿಗೆ ‘ಪೋಲೆ’ (ಅಯ್ಯೋ ಪಾಪ) ಹೇಳುತ್ತಾರೆ, ಅಮ್ಮನಿಗೆ ಹೇಗಿದೆ ಎಂದು ವಿಚಾರಿಸುತ್ತಾರೆ. ಆ ಸುದ್ದಿ ಮೊದಲು ನಿಮ್ಮ ಬಾಯಿಂದಲೇ ಬರಲಿ. ನಾಲ್ಕೈದು ವರ್ಷದ ಮಗುವಿಗೆ ಒಂದೆರಡು ದಿನ ಮುಂಚೆ ಹೇಳಿದರೆ ಸಾಕು, ದೊಡ್ಡ ಮಕ್ಕಳಿಗೆ ವಾರ ಮೊದಲೇ ಹೇಳಿ. ಅಂಗದ ಹೆಸರು ಹೇಳಿ: ‘ಅಮ್ಮನ ಹೊಟ್ಟೆಯೊಳಗೆ ಪಿತ್ತಕೋಶ ಅಂತ ಒಂದು ಚೀಲ ಇದೆ, ಅದರಲ್ಲಿ ಕಲ್ಲಾಗಿದೆ, ಡಾಕ್ಟರ್ ತೆಗೆಯುತ್ತಾರೆ.’ ‘ನಿದ್ದೆ ಮಾಡಿಸಿ ಕೊಯ್ಯುತ್ತಾರೆ’ ಎಂದಷ್ಟೇ ಹೇಳಿದರೆ ರಾತ್ರಿ ಮಲಗಲು ಹೆದರುವ ಮಕ್ಕಳಿದ್ದಾರೆ. ಇದು ಔಷಧದಿಂದ ಬರುವ ನಿದ್ದೆ, ಅದನ್ನು ನೋಡಿಕೊಳ್ಳಲೆಂದೇ ಒಬ್ಬ ಡಾಕ್ಟರ್ ಪಕ್ಕದಲ್ಲಿ ಕೂತಿರುತ್ತಾರೆ, ಕೆಲಸ ಮುಗಿದ ಕೂಡಲೇ ಎಬ್ಬಿಸುತ್ತಾರೆ ಎಂದು ಸೇರಿಸಿ.

ಚಿಕ್ಕ ಮಕ್ಕಳು ಕೇಳದೆಯೇ ಒಳಗಿಟ್ಟುಕೊಳ್ಳುವ ಪ್ರಶ್ನೆಯೊಂದಿದೆ: ನಾನು ಹಟ ಮಾಡಿದ್ದಕ್ಕೇ ಅಮ್ಮನಿಗೆ ಹೀಗಾಯಿತೇ? ‘ನೀವೆಲ್ಲ ಸೇರಿ ನನ್ನನ್ನು ಕೊಲ್ತೀರಿ’ ಎಂದು ಸಿಟ್ಟಿನಲ್ಲಿ ಕೂಗುವ ಅಭ್ಯಾಸ ಅಮ್ಮನಿಗಿದ್ದರೆ (ಗಟ್ಟಿಗಿತ್ತಿಯರ ಮನೆಯಲ್ಲಿ ಇದು ದಿನನಿತ್ಯದ ಮಾತು) ಮಗು ಅದನ್ನು ಅಕ್ಷರಶಃ ನಂಬಿರುತ್ತದೆ. ನಿನ್ನಿಂದ ಅಲ್ಲ ಎಂದು ಅದು ಕೇಳದಿದ್ದರೂ ಹೇಳಿ, ಒಂದಕ್ಕಿಂತ ಹೆಚ್ಚು ಸಲ ಹೇಳಿ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿದರೆ, ಊಟಕ್ಕೆ ತಂಟೆ ಮಾಡಿದರೆ ಗದರಬೇಡಿ, ತಾನಾಗಿ ಸರಿಹೋಗುತ್ತದೆ. ಹದಿಹರೆಯದವರ ಹಣೆಬರಹ ಬೇರೆ: ಅವರು ಗೂಗಲ್ ಮಾಡಿ ನಿಮಗಿಂತ ಹೆಚ್ಚು ಹೆದರಿರುತ್ತಾರೆ. ಮಗಳಿದ್ದರೆ ಅಡುಗೆಮನೆಯನ್ನು ಪೂರ್ತಿ ಅವಳ ತಲೆಗೆ ಕಟ್ಟಬೇಡಿ. ಮಗನಿಗೂ ಸುಕುಮಾ ಸೊಪ್ಪು ಹೆಚ್ಚಲು ಬರುತ್ತದೆ.

ಎಷ್ಟೋ ವಾರ್ಡುಗಳಿಗೆ ಚಿಕ್ಕ ಮಕ್ಕಳನ್ನು ಬಿಡುವುದಿಲ್ಲ. ಹಾಗಿದ್ದರೆ ವಿಡಿಯೊ ಕರೆ. ಮೂಗಿನ ನಳಿಕೆ, ಕೈಯ ಡ್ರಿಪ್ ಬಗ್ಗೆ ಮೊದಲೇ ಹೇಳಿ. ನೋವಿನ ಮಾತ್ರೆ ಕೊಟ್ಟು ಅರ್ಧ ಗಂಟೆಯಾದ ಮೇಲೆ ಕರೆ ಮಾಡಿ, ಅವಳು ಸಿಸ್ಟರ್ ಜೊತೆ ವಾದಕ್ಕಿಳಿಯುವ ಮೊದಲೇ ಮುಗಿಸಿ.

ಸಹಾಯಕ್ಕೆ ಊರಿನಿಂದ ಅತ್ತೆಯನ್ನೋ ಅಮ್ಮನನ್ನೋ ಕರೆಸುವ ಯೋಚನೆ ಎಲ್ಲರದೂ. ಜನವರಿ 2024ರಿಂದ ಕೀನ್ಯಾಕ್ಕೆ ವೀಸಾ ಬದಲು ಇಟಿಎ (ಆನ್‌ಲೈನ್ ಪ್ರಯಾಣ ಅನುಮತಿ) ಆಗಿರುವುದರಿಂದ ಬರುವುದು ಸುಲಭ. ಹಿಂತಿರುಗುವಾಗ ಮಾತ್ರ ಭಾರತ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕೇಳುತ್ತದೆ. ಅದು ಊರ್ಜಿತವಾಗುವುದು ಚುಚ್ಚಿಸಿಕೊಂಡ 10 ದಿನಗಳ ನಂತರ, ಜೊತೆಗೆ 60 ದಾಟಿದವರಿಗೆ ಆ ಲಸಿಕೆಯನ್ನು ಯೋಚಿಸಿ ಕೊಡಬೇಕಾಗುತ್ತದೆ. ಟಿಕೆಟ್ ಬುಕ್ ಮಾಡುವ ಮೊದಲೇ ಅಲ್ಲಿನ ವೈದ್ಯರನ್ನು ಕೇಳಲಿ. ಇಲ್ಲದಿದ್ದರೆ ಮನೆಯ ಆಯಾಗೆ ಒಂದು ವಾರ ರಾತ್ರಿಯೂ ಉಳಿಯಲು ಕೇಳಿ, ಅದಕ್ಕೆ ಪ್ರತ್ಯೇಕ ಹಣ ಕೊಡಿ.

ಹಣದ ಬಗ್ಗೆ ಚಿಕ್ಕದಾಗಿ. ಅಕ್ಟೋಬರ್ 2024ರಿಂದ ಹಳೆಯ ಸರ್ಕಾರಿ ಆರೋಗ್ಯ ವಿಮೆ ಎನ್‌ಎಚ್‌ಐಎಫ್ ಜಾಗದಲ್ಲಿ ಸೋಷಿಯಲ್ ಹೆಲ್ತ್ ಅಥಾರಿಟಿ ಬಂದಿದೆ, ಸಂಬಳದಲ್ಲಿ ಶೇ 2.75 ಹೋಗುತ್ತದೆ. ಖಾಸಗಿ ವಿಮೆಯಿದ್ದರೆ ಪೂರ್ವಾನುಮತಿ ಪತ್ರ ದಾಖಲಾಗುವ ಮೊದಲೇ ಕೈಯಲ್ಲಿರಲಿ, ಅರಿವಳಿಕೆ ವೈದ್ಯರ ಬಿಲ್ ಅದರಲ್ಲಿ ಸೇರಿದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಎಂ-ಪೆಸಾದಲ್ಲಿ ಒಂದು ಬಾರಿಗೆ 2,50,000 ಶಿಲ್ಲಿಂಗ್ ಮಾತ್ರ ಹೋಗುತ್ತದೆ, ಡಿಪಾಸಿಟ್ ಕಟ್ಟುವ ಬೆಳಿಗ್ಗೆ ಅದು ನೆನಪಿರಲಿ.

ಮನೆಗೆ ಕರೆತರುವ ದಿನ ಸಣ್ಣ ದಿಂಬೊಂದು ಕಾರಿನಲ್ಲಿರಲಿ. ಸೀಟ್‌ಬೆಲ್ಟಿಗೂ ಹೊಟ್ಟೆಗೂ ನಡುವೆ ಇಟ್ಟರೆ ರಸ್ತೆಯ ಉಬ್ಬುಗಳು ಅಷ್ಟು ಕಾಡುವುದಿಲ್ಲ. ಭಾರ ಎತ್ತುವುದು ಎಷ್ಟು ವಾರ ಬೇಡ ಎಂಬುದನ್ನು ಸರ್ಜನ್ ಬಾಯಿಂದ ಅವಳ ಎದುರಿಗೇ ಹೇಳಿಸಿ, ನಿಮ್ಮ ಬಾಯಿಂದ ಬಂದರೆ ಅದು ಚರ್ಚೆಯಾಗುತ್ತದೆ. ಪುಟ್ಟ ಮಗು ಎತ್ತಿಕೋ ಎಂದು ಓಡಿಬಂದಾಗ ಅವಳು ಸೋಫಾದಲ್ಲಿ ಕೂತಿರಲಿ, ನೀವೇ ಮಗುವನ್ನು ಎತ್ತಿ ಪಕ್ಕಕ್ಕೆ ಕೂರಿಸಿ. ಕಾರಿನ ಕೀಲಿ ಕೇಳಿದರೆ, ನಿಂತ ಕಾರಿನಲ್ಲಿ ಬ್ರೇಕನ್ನು ಒಮ್ಮೆಗೇ ಜೋರಾಗಿ ಒತ್ತಿ ತೋರಿಸಲು ಹೇಳಿ. ಮುಖ ಕಿವುಚಿದರೆ ಸದ್ಯಕ್ಕೆ ಕೀಲಿ ನಿಮ್ಮ ಜೇಬಿನಲ್ಲೇ ಇರಲಿ.