ತೋಟದ ನೆರಳಿನಲ್ಲಿ ಜರಿಗಿಡ: ಬೆಳೆಸುವುದು, ಉಳಿಸುವುದು

ಮುಂಗಾರಿಗೆ ಮುಂಚೆ ತೋಟ ಸವರುವಾಗ ಕತ್ತಿಗೆ ಮೊದಲು ಸಿಗುವುದು ಧರೆಯ ಮೇಲಿನ ಜರಿಗಿಡ. ಹೂವಿಲ್ಲ, ಕಾಯಿಲ್ಲ, ದನವೂ ಇಷ್ಟಪಟ್ಟು ತಿನ್ನುವುದಿಲ್ಲ. ಇದ್ದು ಏನು ಪ್ರಯೋಜನವೆಂದು ಬುಡಸಮೇತ ಕೆರೆದು ಹಾಕುತ್ತೇವೆ. ಒಂದು ವರ್ಷ ನಾವೂ ಅಡಿಕೆ ತೋಟದ ಮೇಲಿನ ಧರೆಯನ್ನು ಹೀಗೆಯೇ ಚೊಕ್ಕಟ ಮಾಡಿದೆವು. ನೋಡುವುದಕ್ಕೇನೋ ಅಂದವಾಗಿತ್ತು. ಆಷಾಢದ ಮಳೆ ಹಿಡಿದ ಮೇಲೆ ಆ ಧರೆಯ ಮಣ್ಣು ಜಾರಿ ಬಸಿಗಾಲುವೆ ತುಂಬಿಹೋಯಿತು. ನೀರಿಗೆ ದಾರಿಯಿಲ್ಲದೆ ಮರಗಳ ಬುಡದಲ್ಲಿ ನಿಂತಿತು. ಸುರಿಯುವ ಮಳೆಯಲ್ಲೇ ಆಳು ಹಿಡಿದು ಕಾಲುವೆ ಎತ್ತಿಸಬೇಕಾಯಿತು. ಜರಿಗಿಡದ ಬೆಲೆ ನಮಗೆ ತಿಳಿದದ್ದು ಆಗ. ಆದುದರಿಂದ ಈ ಗಿಡವನ್ನು ಧರೆಯಲ್ಲಿ ಉಳಿಸುವುದು ಹೇಗೆ, ಮನೆಯಂಗಳದ ನೆರಳಿನಲ್ಲಿ ಬೆಳೆಸುವುದು ಹೇಗೆ ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಗಿಡದ ಸ್ವಭಾವ

ಜರಿಗಿಡಗಳು ಬಹು ಹಳೆಯ ಕುಲ. ಹೂ ಬಿಡುವ ಸಸ್ಯಗಳು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಇವು ಭೂಮಿಯ ಮೇಲಿದ್ದವು. ಇವಕ್ಕೆ ಬೀಜವಿಲ್ಲ. ಬಲಿತ ಗರಿಯ ಹಿಂಬದಿಯಲ್ಲಿ ಕಂದು ಚುಕ್ಕೆಗಳೋ ಗೆರೆಗಳೋ ಕಾಣುತ್ತವಲ್ಲ, ಅವುಗಳಲ್ಲಿ ಧೂಳಿನಂತಹ ಬೀಜಕಣಗಳಿರುತ್ತವೆ. ಕಣವು ತೇವದ ಮಣ್ಣಿಗೆ ಬಿದ್ದರೆ ಮೊದಲು ಜರಿಗಿಡವಾಗುವುದಿಲ್ಲ. ಉಗುರಿಗಿಂತ ಚಿಕ್ಕದಾದ, ಹೃದಯದ ಆಕಾರದ ಒಂದು ಹಸಿರು ಹಾಳೆಯಾಗುತ್ತದೆ. ಆ ಹಾಳೆಯ ಮೇಲೆ ನೀರಿನ ಪದರವಿದ್ದರೆ ಮಾತ್ರ ಗಂಡು ಕಣ ಈಜಿ ಹೋಗಿ ಹೆಣ್ಣನ್ನು ಸೇರುತ್ತದೆ. ಅನಂತರವೇ ನಮಗೆ ಗುರುತಿರುವ ಗರಿ ಮೂಡುತ್ತದೆ. ಜರ್ಮನಿಯ ವಿಜ್ಞಾನಿ ಹಾಫ್‌ಮೈಸ್ಟರ್ 1851ರಲ್ಲಿ ಈ ಎರಡು ತಲೆಮಾರಿನ ಬಾಳನ್ನು ವಿವರಿಸಿದರು. ಜರಿಗಿಡ ತೇವವಿರುವಲ್ಲೇ ಏಕೆ ಹುಟ್ಟುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಧರೆಯ ಜರಿ

ಅನೇಕ ಜರಿಗಳ ಕಾಂಡ ನೆಲದೊಳಗೇ ಅಡ್ಡಡ್ಡ ಹರಿಯುತ್ತದೆ. ಅದರಿಂದ ಹೊರಟ ಕೂದಲಿನಂತಹ ಬೇರುಗಳು ಮೇಲ್ಮಣ್ಣನ್ನು ಬಲೆಯಂತೆ ಹಿಡಿಯುತ್ತವೆ. ಗರಿಗಳು ಮಳೆಹನಿಯ ಪೆಟ್ಟನ್ನು ತಡೆಯುತ್ತವೆ. ಹೊಸದಾಗಿ ಕಡಿದ ಧರೆಯ ಮೇಲೆ ತಾನಾಗಿ ಬಂದು ನಿಲ್ಲುವ ಗಿಡಗಳಲ್ಲಿ ಇವೂ ಸೇರಿವೆ. ಎಲೆಯ ಅಡಿಯಲ್ಲಿ ಬಿಳಿ ಪುಡಿಯಿದ್ದು, ಮಕ್ಕಳು ಕೈಮೇಲೆ ಒತ್ತಿ ಅಚ್ಚು ಹಾಕಿಕೊಳ್ಳುವ ಜರಿಯನ್ನು ಎಲ್ಲರೂ ಬಲ್ಲೆವು. ಅದು ಅಮೆರಿಕ ಖಂಡದ ಉಷ್ಣ ಭಾಗದಿಂದ ಬಂದು ಇಲ್ಲಿಯದೇ ಆಗಿಬಿಟ್ಟಿದೆ.

ಧರೆ ಸವರುವಾಗ ಬುಡ ಕೀಳಬಾರದು. ಎತ್ತರ ಬೆಳೆದಿದ್ದರೆ ಗೇಣುದ್ದ ಬಿಟ್ಟು ಮೇಲಿನದನ್ನು ಕೊಯ್ದರೆ ಸಾಕು. ಕಳೆನಾಶಕವನ್ನಂತೂ ಧರೆಗೆ ಹೊಡೆಯಲೇಬಾರದು. ಬೇರು ಸತ್ತರೆ ಮಣ್ಣಿನ ಹಿಡಿತವೂ ಸಡಿಲವಾಗುತ್ತದೆ. ಅದರ ಫಲ ಮಳೆಗಾಲದಲ್ಲಿ ಕಾಣುತ್ತದೆ. ಆದರೆ ಕಾಲುವೆಯ ತಳದಲ್ಲಿ ನೀರಿಗೆ ಅಡ್ಡಬಂದ ಜರಿಯನ್ನು ತೆಗೆಯುವುದೇ ಸರಿ. ಎಳೆಯ ಕಾಫಿ ಗಿಡದ ಬುಡಕ್ಕೆ ಒತ್ತಿ ಬೆಳೆದದ್ದನ್ನೂ ಬಿಡಿಸಬೇಕು.

ನೆರಳಿನ ಮರಗಳ ಕೊಂಬೆಯ ಮೇಲೆ ಬೆಳೆಯುವ ಜರಿಯ ಬಗ್ಗೆಯೂ ಒಂದು ಮಾತು. ಇದು ಬಂದಳಿಕೆಯಲ್ಲ. ಬಂದಳಿಕೆ ಮರದೊಳಗೆ ಬೇರಿಳಿಸಿ ರಸ ಹೀರುತ್ತದೆ, ಅದನ್ನು ಕಡಿಯಬೇಕು. ಜರಿ ತೊಗಟೆಗೆ ಅಂಟಿಕೊಂಡು, ಬಿದ್ದ ತರಗೆಲೆಯನ್ನೇ ಗೊಬ್ಬರ ಮಾಡಿಕೊಂಡು ಬದುಕುತ್ತದೆ. ಅದನ್ನು ಕೀಳಲು ಮರ ಹತ್ತಬೇಕಾಗಿಲ್ಲ.

ಮನೆಯಂಗಳದಲ್ಲಿ

ಜರಿಗೆ ಬೇಕಾದದ್ದು ಕಾಫಿಗೆ ಕೊಡುವಂತಹದೇ ಜಾಲರಿ ನೆರಳು. ಕತ್ತಲೆಯ ಮೂಲೆಯಲ್ಲಿ ಅದು ಸೊರಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಸುಡುತ್ತದೆ. ಬಾವಿಕಟ್ಟೆಯ ಬದಿ, ಮನೆಯ ಉತ್ತರದ ಗೋಡೆ, ಹಲಸಿನ ಮರದಡಿ ಒಳ್ಳೆಯ ಜಾಗಗಳು. ಮೊದಲ ಸಲ ಬೆಳೆಸುವವರು ಕತ್ತಿಯಂತೆ ಉದ್ದ ಗರಿಯ ನೆಫ್ರೊಲೆಪಿಸ್‌ನಿಂದ ಪ್ರಾರಂಭಿಸುವುದು ಒಳಿತು. ಅದು ಬಳ್ಳಿ ಹರಿಸಿ ತಾನೇ ಮರಿ ಹಾಕುತ್ತದೆ. ಕರಿದಾರದಂತಹ ಕಡ್ಡಿ, ಪುಟ್ಟ ಎಲೆಗಳ ಅಡಿಯಾಂಟಮ್ ಹೆಚ್ಚು ನಾಜೂಕಿನದು; ಒಂದು ದಿನ ಬೇರು ಒಣಗಿದರೂ ಗರಿ ಮುದುಡುತ್ತದೆ.

ಕುಂಡಕ್ಕೆ ಎರಡು ಪಾಲು ಚೆನ್ನಾಗಿ ಕೊಳೆತ ಎಲೆಗೊಬ್ಬರ, ಒಂದು ಪಾಲು ತೋಟದ ಮಣ್ಣು, ಒಂದು ಪಾಲು ಮರಳು ಕಲಸಬೇಕು. ತಳದಲ್ಲಿ ಇಟ್ಟಿಗೆ ಚೂರು ಹಾಕಬೇಕು. ಸುರುಳಿ ಹೊರಡುವ ನೆತ್ತಿ ಮಣ್ಣಿನ ಮಟ್ಟದಲ್ಲೇ ಇರಲಿ, ಹೂತರೆ ಕೊಳೆಯುತ್ತದೆ. ಬುಡ ಸೀಳಿ ನೆಡಲು ಮುಂಗಾರಿನ ಮೊದಲ ಮಳೆಗಳ ಕಾಲ ಸೂಕ್ತ. ಹಸಿ ಸೆಗಣಿ ಸಲ್ಲದು. ಸೆಗಣಿ ಕದಡಿ, ಸೋಸಿ, ತೆಳ್ಳಗೆ ಮಾಡಿದ ನೀರನ್ನು ಹೊಸ ಗರಿ ಬರುವ ಕಾಲದಲ್ಲಿ ತಿಂಗಳಿಗೊಮ್ಮೆ ಕೊಟ್ಟರೆ ಸಾಕು.

ನಮ್ಮ ಕಡೆ ಜರಿಗೆ ಎರಡು ಗಂಡಾಂತರ. ಮಳೆಗಾಲದಲ್ಲಿ ಮಾಡಿನ ನೀರು ನೇರವಾಗಿ ಕುಂಡಕ್ಕೆ ಬಿದ್ದು ಬೇರು ಕೊಳೆಯುವುದು ಒಂದು. ಫೆಬ್ರವರಿಯಿಂದ ಮೇವರೆಗಿನ ಒಣಗಾಳಿ ಇನ್ನೊಂದು. ಬೇಸಿಗೆಯಲ್ಲಿ ಬುಡಕ್ಕೆ ತರಗೆಲೆ ಹೊದಿಸಿ. ತಟ್ಟೆಯಲ್ಲಿ ಜಲ್ಲಿ ಹರಡಿ ನೀರು ತುಂಬಿ, ಕುಂಡದ ತಳ ನೀರಿಗೆ ತಾಗದಂತೆ ಜಲ್ಲಿಯ ಮೇಲಿಡಿ. ಎಲೆಯ ಮೇಲೆ ನೀರು ಚಿಮುಕಿಸಿದರೆ ಸಾಲದು, ಬೇರಿನ ಮಣ್ಣು ತೇವವಾಗಿರಬೇಕು. ಬೆರಳಿಟ್ಟು ನೋಡಿ ನೀರು ಕೊಡುವುದೇ ಸರಿಯಾದ ಕ್ರಮ. ಗರಿಯ ತುದಿ ಮಾತ್ರ ಒಣಗಿದರೆ ಗಾಳಿ ಒಣಗಿದೆ. ಮಣ್ಣು ಹಸಿಯಿದ್ದೂ ಗರಿ ಹಳದಿಯಾದರೆ ನೀರು ನಿಂತಿದೆ.

ಗರಿಯ ಹಿಂದಿನ ಕಂದು ಚುಕ್ಕೆಯನ್ನು ರೋಗವೆಂದು ತಿಳಿದು ಔಷಧಿ ಹೊಡೆಯುವವರಿದ್ದಾರೆ. ಚುಕ್ಕೆಗಳು ಸಾಲಾಗಿ, ಒಂದೇ ಅಳತೆಯಲ್ಲಿದ್ದರೆ ಅವು ಬೀಜಕಣದ ಗುಂಪುಗಳು. ಕಡ್ಡಿಯ ಮೇಲೂ ಎಲೆಯ ಮೇಲೂ ಅಲ್ಲಲ್ಲಿ ಚದುರಿದ್ದು, ಉಗುರಿನಿಂದ ಕೆರೆದರೆ ಏಳುವಂತಿದ್ದರೆ ಅದು ಶಲ್ಕ ಕೀಟ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಬಸವನಹುಳು ಎಳೆ ಸುರುಳಿಯನ್ನು ತಿನ್ನುತ್ತದೆ. ರಾತ್ರಿ ದೀಪ ಹಿಡಿದು ಆರಿಸಬೇಕು.

ಗಾಜಿನ ಪಾತ್ರೆಯಲ್ಲಿ ಸಸಿ

ಲಂಡನ್ನಿನ ವೈದ್ಯ ನೇಥನಿಯಲ್ ವಾರ್ಡ್ 1829ರಲ್ಲಿ ಪತಂಗದ ಕೋಶವೊಂದನ್ನು ಹಸಿಮಣ್ಣಿನ ಜೊತೆ ಗಾಜಿನ ಸೀಸೆಯಲ್ಲಿ ಮುಚ್ಚಿಟ್ಟಿದ್ದರು. ಅದರೊಳಗೆ ಒಂದು ಜರಿ ತಾನಾಗಿ ಮೊಳೆಯಿತು. ಆ ಅನುಭವದಿಂದ ಅವರು ಮಾಡಿಸಿದ ಗಾಜಿನ ಪೆಟ್ಟಿಗೆಗಳಲ್ಲೇ ಮುಂದೆ ಚೀನಾದ ಚಹಾ ಸಸಿಗಳು ಹಡಗಿನಲ್ಲಿ ಭಾರತಕ್ಕೆ ಬಂದವು. ನಾವೂ ಇದೇ ಉಪಾಯ ಮಾಡಬಹುದು. ಚುಕ್ಕೆ ಬಲಿತ ಗರಿಯನ್ನು ಕಾಗದದಲ್ಲಿ ಮಡಿಸಿ ಎರಡು ಮೂರು ದಿನ ಇಟ್ಟರೆ ಧೂಳು ಉದುರುತ್ತದೆ. ಚಿಕ್ಕ ಕುಂಡದ ಮಣ್ಣಿಗೆ ಕುದಿಯುವ ನೀರು ಹೊಯ್ದು, ಆರಿದ ಮೇಲೆ ಧೂಳನ್ನು ತೆಳುವಾಗಿ ಉದುರಿಸಿ, ಗಾಜು ಮುಚ್ಚಿ ನೆರಳಿನಲ್ಲಿಡಿ. ನೀರನ್ನು ತಟ್ಟೆಯಿಂದ ಕೆಳಗಿನಿಂದಲೇ ಕೊಡಿ. ಕೆಲವು ವಾರಗಳಲ್ಲಿ ಹಸಿರು ಪೊರೆ ಕಾಣುತ್ತದೆ. ಅದನ್ನು ಪಾಚಿಯೆಂದು ಎಸೆಯಬೇಡಿ. ಪುಟ್ಟ ಗರಿ ಬರಲು ತಿಂಗಳುಗಳೇ ಬೇಕು.

ಎರಡು ಎಚ್ಚರಿಕೆ

ಕೊಡಗಿನಲ್ಲಿ ತೆರ್ಮೆ ತೊಪ್ಪಿನ ಪಲ್ಯ ಮಾಡುತ್ತಾರೆ. ಅದು ತೇವದ ಜಾಗದ ಒಂದು ಜರಿಯ ಎಳೆ ಚಿಗುರು. ಹಾಗೆಂದು ಎಲ್ಲ ಜರಿಯೂ ತಿನ್ನಲು ಯೋಗ್ಯವಲ್ಲ. ಗುಡ್ಡದ ಬಯಲಿನಲ್ಲಿ ಸೊಂಟದೆತ್ತರ ಬೆಳೆಯುವ, ಗರಿ ಮೂರು ಕವಲಾದಂತೆ ಕಾಣುವ ಬ್ರೇಕನ್ ಜರಿ ವಿಷದ್ದು. ಮೇವಿಲ್ಲದ ಕಾಲದಲ್ಲಿ ದನಗಳು ಅದನ್ನು ಬಹುಕಾಲ ತಿಂದರೆ ಮೂತ್ರಕೋಶದಲ್ಲಿ ಗಂತಿಯಾಗಿ ಮೂತ್ರ ಕೆಂಪಾಗುತ್ತದೆ. ವಿಷದ ಅಂಶ ಹಾಲಿಗೂ ಇಳಿಯುತ್ತದೆ. ಸೊಪ್ಪಿನ ಹೊರೆಯಲ್ಲಿ ಅದು ಕೊಟ್ಟಿಗೆಗೆ ಬರದಂತೆ ನೋಡಿಕೊಳ್ಳಿ. ಉಣ್ಣೆಯಿಂದ ಬರುವ ಜ್ವರದಲ್ಲೂ ಮೂತ್ರ ಕೆಂಪಾಗುವುದರಿಂದ ಪಶುವೈದ್ಯರಿಗೆ ತೋರಿಸುವುದು ಅಗತ್ಯ.

ಇನ್ನೊಂದು, ಹಳ್ಳದ ದಂಡೆಯ ಮರಜರಿಯನ್ನು ಅಂದಕ್ಕೆಂದು ಕಿತ್ತು ತರಬೇಡಿ. ಅದು ಬಹು ನಿಧಾನವಾಗಿ ಬೆಳೆಯುತ್ತದೆ, ಜಾಗ ಬದಲಾದರೆ ಬದುಕುವುದು ಕಷ್ಟ. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಗಿಡ ಕೀಳುವುದು ಅಪರಾಧವೂ ಹೌದು. ನೆರೆಮನೆಯವರಲ್ಲಿ ಒಂದು ಬುಡ ಕೇಳಿ ಪಡೆಯುವುದೇ ಚೆಂದ.

ಬರುವ ಮುಂಗಾರಿಗೆ ಮುಂಚೆ ಧರೆ ಸವರಲು ಆಳುಗಳನ್ನು ಕಳಿಸುವಾಗ ಒಂದು ಮಾತು ಹೇಳಿ ಕಳಿಸಿ: ಕತ್ತಿ ಸಾಕು, ಗುದ್ದಲಿ ಬೇಡ.